ಮಣೆಯಾಟಗಳೂ ವಾರ್ಷಿಕ ಮೇಳಗಳೂ

ಆಟವೆಂದೊಡನೆ ನಮ್ಮ ಕಾಲೇಜಿನಲ್ಲಿ ಎಲ್ಲರ ಕಣ್ಣೂ ಮೈದಾನದ ಕಡೆಗೆ ತಿರುಗುತ್ತದೆ. ಕಬಡ್ಡಿ, ಖೋ-ಖೋ, ವಾಲಿಬಾಲ್ ಇವುಗಳಿಗೆ ಅಂತರ ಕಾಲೇಜು ಪಂದ್ಯಗಳುಂಟು, ಕಪ್ಪುಗಳುಂಟು, ವಾರ್ಷಿಕೋತ್ಸವದ ದಿನ ಚಪ್ಪಾಳೆಯೂ ಉಂಟು. ಆದರೆ ನೆಲದ ಮೇಲೆ ಗೆರೆ ಎಳೆದು, ಮಣೆಯ ಗುಳಿಗಳಲ್ಲಿ ಹರಳು ಹಾಕಿ, ಅಥವಾ ಬಟ್ಟೆಯ ಹಾಸನ್ನು ಬಿಡಿಸಿ, ಕುಳಿತಲ್ಲಿಯೇ ಆಡುವ ಆಟಗಳೂ ಆಟಗಳೇ ಅಲ್ಲವೆ? ಚೌಕಾಬಾರ, ಪಗಡೆ, ಅಳಗುಳಿ, ಹುಲಿಕುರಿ, ಚದುರಂಗ ಇವನ್ನೆಲ್ಲ ಒಟ್ಟಾಗಿ ಮಣೆಯಾಟಗಳೆಂದು ಈ ಲೇಖನದಲ್ಲಿ ಕರೆದಿದ್ದೇನೆ. ಇಂಥ ಆಟಗಳಿಗಾಗಿಯೇ ವರ್ಷಕ್ಕೊಮ್ಮೆ ಸಾವಿರಾರು ಜನ ಒಂದೆಡೆ ಸೇರುವ ಮೇಳಗಳು ಹೊರದೇಶಗಳಲ್ಲಿ ನಡೆಯುತ್ತವೆ. ಅವು ಹೇಗೆ ಹುಟ್ಟಿದವು, ಆಟದ ಹಬ್ಬಗಳಿಗೆ ಕೊರತೆಯೇ ಇಲ್ಲದ ನಮ್ಮ ಸೀಮೆಯಲ್ಲಿ ಅಂಥದೊಂದು ಏಕೆ ಬೆಳೆಯಲಿಲ್ಲ ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ವಿಚಾರಿಸಿದ್ದೇನೆ.

ಮೊದಲು ಹೊರಗಿನ ಕಥೆ. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಲೇಕ್ ಜಿನೀವಾ ಎಂಬುದೊಂದು ಸಣ್ಣ ಊರು. ಸರೋವರದ ದಂಡೆಯ ಮೇಲಿದೆ; ಜನಸಂಖ್ಯೆಯಲ್ಲಿ ನಮ್ಮ ಅರಕಲಗೂಡಿಗಿಂತಲೂ ಚಿಕ್ಕದು. ಅಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬ ಗೃಹಸ್ಥನಿದ್ದ. ವಿಮಾ ಕಂಪನಿಯಲ್ಲಿ ನೌಕರಿ, ಯುದ್ಧದಾಟಗಳಲ್ಲಿ ಹುಚ್ಚು. ಯುದ್ಧದಾಟವೆಂದರೆ ಮೇಜಿನ ಮೇಲೆ ಭೂಪಟವನ್ನು ಹಾಸಿ, ಕಾಯಿಗಳನ್ನು ಸೈನ್ಯಗಳೆಂದು ಭಾವಿಸಿ, ದಾಳ ಉರುಳಿಸಿ ಹಳೆಯ ಕದನಗಳನ್ನು ಮತ್ತೆ ಕಾದುವುದು. ಇಂಥ ಆಟಗಾರರು ಊರಿಗೊಬ್ಬರಂತೆ ಚದುರಿ ಹೋಗಿದ್ದರು. ಅವರಲ್ಲಿ ಎಷ್ಟೋ ಮಂದಿ ಅಂಚೆಯ ಮೂಲಕ ಒಂದೊಂದೇ ನಡೆಯನ್ನು ಬರೆದು ಕಳಿಸಿ ತಿಂಗಳುಗಟ್ಟಲೆ ಆಡುತ್ತಿದ್ದರು. ೧೯೬೭ರಲ್ಲಿ ಗೈಗ್ಯಾಕ್ಸ್ ಸುಮಾರು ಇಪ್ಪತ್ತು ಮಂದಿ ಸಮಾನಾಸಕ್ತರನ್ನು ತನ್ನ ಮನೆಗೇ ಕರೆದು ಆಡಿಸಿದ. ಮನೆ ಸಾಲದಾಯಿತು. ಮರುವರ್ಷ ೧೯೬೮ರ ಆಗಸ್ಟ್ ೨೪ರಂದು ಊರಿನ ತೋಟಗಾರಿಕೆ ಸಂಘದ ಭವನವನ್ನು ಐವತ್ತು ಡಾಲರ್ ಬಾಡಿಗೆಗೆ ಹಿಡಿದು ಮೊದಲನೆಯ ಮೇಳವನ್ನು ನಡೆಸಿದ. ಬಂದವರು ಸುಮಾರು ನೂರು ಮಂದಿ. ಅದಕ್ಕೆ 'ಜೆನ್ ಕಾನ್' ಎಂದು ಹೆಸರಾಯಿತು. ಈ ಹೆಸರಿನಲ್ಲೊಂದು ಶ್ಲೇಷೆಯಿದೆ: ಇಂಗ್ಲಿಷಿನ 'ಕನ್ವೆನ್ಷನ್' ಎಂಬ ಮಾತಿಗೆ ಸಮ್ಮೇಳನವೆಂಬ ಅರ್ಥವೂ ಒಪ್ಪಂದವೆಂಬ ಅರ್ಥವೂ ಇದೆ, ಯುದ್ಧದ ನಿಯಮಗಳನ್ನು ಗೊತ್ತುಮಾಡಿದ ಜಿನೀವಾ ಒಪ್ಪಂದವನ್ನು ಯಾರು ತಾನೆ ಕೇಳಿಲ್ಲ? ಯುದ್ಧದಾಟದವರು ಜಿನೀವಾ ಎಂಬ ಊರಿನಲ್ಲಿ ಕೂಡಿದರೆ ಬೇರೆ ಹೆಸರನ್ನು ಹುಡುಕಬೇಕಾದ ಅಗತ್ಯವಿರಲಿಲ್ಲ.

ಎರಡನೆಯ ವರ್ಷದ ಮೇಳಕ್ಕೆ ನೆರೆಯ ಮಿನೆಸೋಟ ಸಂಸ್ಥಾನದಿಂದ ಡೇವ್ ಆರ್ನೆಸನ್ ಎಂಬ ತರುಣ ಬಂದ. ಈ ಇಬ್ಬರ ಪರಿಚಯವೇ ಮುಂದಿನ ಚರಿತ್ರೆಗೆ ಮೂಲ. ೧೯೭೦ರಲ್ಲಿ ಗೈಗ್ಯಾಕ್ಸ್ ವಿಮಾ ಕಂಪನಿಯ ನೌಕರಿಯನ್ನು ಕಳೆದುಕೊಂಡು, ಮನೆಯಲ್ಲಿಯೇ ಪಾದರಕ್ಷೆ ಹೊಲಿದು ರಿಪೇರಿ ಮಾಡಿ ಸಂಸಾರವನ್ನು ನಡೆಸಿದ. ಹೊಲಿಗೆಯ ನಡುವೆ ಸಿಕ್ಕ ಹೊತ್ತನ್ನೆಲ್ಲ ಆಟಕ್ಕೆ ಕೊಟ್ಟ. ೧೯೭೪ರಲ್ಲಿ ಆರ್ನೆಸನ್ ಮತ್ತು ಆತ ಸೇರಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ಮೊದಲ ಮುದ್ರಣ ಸಾವಿರ ಪ್ರತಿಗಳು. ಈ ಆಟದ ಸ್ವಾರಸ್ಯವನ್ನು ಗಮನಿಸಬೇಕು: ಪೆಟ್ಟಿಗೆಯೊಳಗೆ ಮಣೆಯೇ ಇರಲಿಲ್ಲ! ಇದ್ದದ್ದು ಮೂರು ಸಣ್ಣ ಪುಸ್ತಕಗಳು ಮತ್ತು ಕೆಲವು ಬಿಡಿ ಹಾಳೆಗಳು. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಅದರಲ್ಲಿ ವೀರರೂ ಮಾಂತ್ರಿಕರೂ ಆಗಿ ಪಾತ್ರ ವಹಿಸುತ್ತಾರೆ. ಸಂದೇಹ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ನಿಯಮದ ಬರಹವೇ ಅಲ್ಲಿ ಆಟ. ಆ ಪುಸ್ತಕವನ್ನು ಓದಿದ ಅಪರಿಚಿತರು ಎಲ್ಲಿ ಕೂಡಿದರೂ ಒಂದೇ ಆಟವನ್ನು ಆಡಬಲ್ಲವರಾದರು.

ಅಲ್ಲಿಂದ ಮೇಳವು ಊರಿನ ಭವನವನ್ನು ಮೀರಿ ಬೆಳೆಯಿತು. ೧೯೭೮ರಿಂದ ಕೆಲಕಾಲ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪಾರ್ಕ್‌ಸೈಡ್ ಆವರಣದಲ್ಲಿ, ೧೯೮೫ರಿಂದ ಮಿಲ್ವಾಕಿ ನಗರದಲ್ಲಿ, ೨೦೦೩ರಿಂದ ಇಂಡಿಯಾನಾಪೊಲಿಸ್ ನಗರದಲ್ಲಿ ಅದು ನಡೆದು ಬಂದಿದೆ. ೨೦೦೮ರಲ್ಲಿ ಅದನ್ನು ನಡೆಸುವ ಕಂಪನಿಯು ಸಾಲಕ್ಕೆ ಸಿಕ್ಕಿ ದಿವಾಳಿ ಕಾನೂನಿನ ಆಶ್ರಯ ಪಡೆಯಬೇಕಾಯಿತು. ಆದರೂ ಮೇಳ ನಿಲ್ಲಲಿಲ್ಲ. ೨೦೨೦ರ ಕೋವಿಡ್ ವರ್ಷದಲ್ಲಿ ಮಾತ್ರ ಜನ ನೇರವಾಗಿ ಕೂಡಲಾಗಲಿಲ್ಲ. ೨೦೨೪ರಲ್ಲಿ ಅಲ್ಲಿ ಸೇರಿದವರು ಎಪ್ಪತ್ತು ಸಾವಿರಕ್ಕೂ ಹೆಚ್ಚು. ಜರ್ಮನಿಯ ಎಸ್ಸೆನ್ ನಗರದ ಮೇಳ ಇದಕ್ಕಿಂತಲೂ ದೊಡ್ಡದು. ೨೦೧೯ರಲ್ಲಿ ಎರಡು ಲಕ್ಷಕ್ಕೂ ಮೀರಿ ಜನ ಬಂದಿದ್ದರು. ಅದು ಆರಂಭವಾದದ್ದು ೧೯೮೩ರಲ್ಲಿ, ಒಂದು ಆಟದ ಪತ್ರಿಕೆಯ ಓದುಗರ ಕೂಟವಾಗಿ, ವಯಸ್ಕರ ಶಿಕ್ಷಣ ಕೇಂದ್ರವೊಂದರಲ್ಲಿ. ನಮ್ಮ ವಾರ್ಷಿಕ ಸಂಚಿಕೆಯ ಓದುಗರು ಈ ಸಂಗತಿಯನ್ನು ಬೇಕಾದರೆ ಸ್ವಲ್ಪ ವಿಶೇಷವಾಗಿ ನೆನಪಿಟ್ಟುಕೊಳ್ಳಬಹುದು.

ಈ ಯುದ್ಧದಾಟದ ವಂಶವೃಕ್ಷವನ್ನು ಹಿಡಿದು ಹಿಂದಕ್ಕೆ ನಡೆದರೆ ನಾವು ಬಂದು ನಿಲ್ಲುವುದು ನಮ್ಮ ದೇಶದಲ್ಲಿಯೇ. ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ ೧೯೫೪ರಲ್ಲಿ ಮಾರಾಟಕ್ಕೆ ತಂದ 'ಟ್ಯಾಕ್ಟಿಕ್ಸ್', ಅದಕ್ಕೆ ಮೊದಲು ೧೯೧೩ರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸ್ ಬರೆದ 'ಲಿಟಲ್ ವಾರ್ಸ್', ಅದಕ್ಕೂ ಮೊದಲು ೧೮೨೪ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್ವಿಟ್ಸ್ ತನ್ನ ಸೈನ್ಯದವರ ತರಬೇತಿಗೆಂದು ನಿಯಮ ಬರೆದು ಕೊಟ್ಟ ಯುದ್ಧಕ್ರೀಡೆ. ಇವೆಲ್ಲಕ್ಕೂ ಹಿಂದೆ ಚೆಸ್, ಚೆಸ್ಸಿನ ಹಿಂದೆ ಆನೆ ಕುದುರೆ ರಥ ಕಾಲಾಳುಗಳ ಚತುರಂಗ. ತಾಯಿಬೇರು ನಮ್ಮದೆಂದು ಹೆಮ್ಮೆಪಡುವುದು ಸುಲಭ. ಆದರೆ ಬೇರು ಇಲ್ಲಿದ್ದು ಮೇಳ ಅಲ್ಲಿ ಆದದ್ದೇಕೆ ಎಂದು ಕೇಳುವುದು ಹೆಚ್ಚು ಉಪಯುಕ್ತವೆಂದು ನನಗೆ ತೋರುತ್ತದೆ.

ವರ್ಷಕ್ಕೊಂದು ದಿನ ಗೊತ್ತುಮಾಡಿ ಆಡುವ ರೂಢಿ ನಮ್ಮಲ್ಲಿ ಇರಲಿಲ್ಲವೆ? ಧಾರಾಳವಾಗಿ ಇದ್ದಿತು. ಆಶ್ವಯುಜ ಹುಣ್ಣಿಮೆಗೆ ಕೋಜಾಗರವೆಂದು ಹೆಸರು; ಆ ರಾತ್ರಿ ಎಚ್ಚರವಾಗಿದ್ದು ಪಗಡೆಯಾಡಬೇಕು, ಯಾರು ಎಚ್ಚರವಾಗಿದ್ದಾರೆಂದು ಲಕ್ಷ್ಮಿ ಕೇಳುತ್ತ ಬರುತ್ತಾಳೆ ಎಂದು ನಂಬಿಕೆ. ಕಾರ್ತಿಕದ ಮೊದಲ ದಿನವಾದ ಬಲಿಪಾಡ್ಯಮಿಗೆ ಶಾಸ್ತ್ರಗ್ರಂಥಗಳಲ್ಲಿ ದ್ಯೂತ ಪ್ರತಿಪದೆ ಎಂಬ ಇನ್ನೊಂದು ಹೆಸರೇ ಇದೆ. ಶಿವನನ್ನು ಪಾರ್ವತಿ ಪಗಡೆಯಲ್ಲಿ ಸೋಲಿಸಿದ ಕಥೆಯನ್ನು ಆ ದಿನದೊಂದಿಗೆ ಕೂಡಿಸಿ ಹೇಳುತ್ತಾರೆ. ಹಾಸನದವರಿಗೆ ಈ ದಿನವನ್ನು ಬೇರೆ ಯಾರೂ ಜ್ಞಾಪಿಸಬೇಕಾಗಿಲ್ಲ. ವರ್ಷಕ್ಕೊಮ್ಮೆ ಮಾತ್ರ ತೆರೆಯುವ ನಮ್ಮ ಹಾಸನಾಂಬೆಯ ಗುಡಿಯ ಬಾಗಿಲು ಮತ್ತೆ ಮುಚ್ಚುವುದು ಬಲಿಪಾಡ್ಯಮಿಯ ಸುಮಾರಿಗೇ. ಇನ್ನು ಚನ್ನರಾಯಪಟ್ಟಣದ ಕಡೆಯವರು ಹನ್ನೆರಡು ವರ್ಷಕ್ಕೊಮ್ಮೆ ಶ್ರವಣಬೆಳಗೊಳದಲ್ಲಿ ಲಕ್ಷಾಂತರ ಜನ ಸೇರುವುದನ್ನು ಕಂಡವರು. ೨೦೧೮ರ ಮಹಾಮಸ್ತಕಾಭಿಷೇಕವನ್ನು ನಮ್ಮಲ್ಲಿ ಅನೇಕರು ಶಾಲಾ ಬಾಲಕರಾಗಿ ನೋಡಿದ್ದೇವೆ. ಗೊತ್ತಾದ ದಿನಕ್ಕೆ ಕೂಡುವ ವಿದ್ಯೆಯನ್ನು ನಮ್ಮ ಜಿಲ್ಲೆಗೆ ವಿಸ್ಕಾನ್ಸಿನ್‌ನವರು ಕಲಿಸಬೇಕಾಗಿಲ್ಲ.

ಶಿವರಾತ್ರಿಯ ಜಾಗರಣೆಗೆ ಹಳ್ಳಿಯ ಜಗಲಿಗಳಲ್ಲಿ ಚೌಕಾಬಾರ ನಡೆಯುವುದುಂಟು. ಯುಗಾದಿಯ ಮರುದಿನದ ಹೊಸತೊಡಕಿನಲ್ಲಿ ಬಾಡೂಟದ ಜೊತೆಗೆ ಇಸ್ಪೀಟೂ ನಡೆಯುತ್ತದೆ. ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಮ್ಮ ಹಬ್ಬದ ಆಟಗಳಿಗೆ ಕೆಟ್ಟ ಹೆಸರು ಬಂದದ್ದು ಹಣದ ಪಂದ್ಯದಿಂದ. ಧರ್ಮರಾಯನ ಕಥೆ ಎಲ್ಲರಿಗೂ ಗೊತ್ತು. ಕರ್ನಾಟಕ ಪೊಲೀಸ್ ಕಾಯಿದೆ ೧೯೬೩ರದು, ಅದು ಜೂಜನ್ನು ಶಿಕ್ಷಿಸುತ್ತದೆ. ನಮ್ಮ ತಂದೆಯವರಿಗೆ ಕವಡೆಯ ಸದ್ದು ಕೇಳಿದರೂ ಆಗುವುದಿಲ್ಲ. ಹೊಸತೊಡಕಿನ ಸೋಲು ಎಷ್ಟು ಮನೆಗಳನ್ನು ಕೆಡಿಸಿತೆಂದು ಅವರು ಕಣ್ಣಾರೆ ನೋಡಿದವರು. ಅವರ ಮಾತನ್ನು ನಾನು ಅಲ್ಲಗಳೆಯಲಾರೆ. ಆದರೆ ಇಸ್ಪೀಟಿನ ಪಾಪವನ್ನು ಅಳಗುಳಿಮಣೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಳಗುಳಿಯಲ್ಲಿ ಗೆಲ್ಲುವುದು ಹುಣಸೆಬೀಜ, ಸೋಲುವುದೂ ಹುಣಸೆಬೀಜ.

ಘಟ್ಟದ ಕೆಳಗಿನ ತುಳುನಾಡಿನವರು ಈ ವಿಷಯದಲ್ಲಿ ನಮಗಿಂತ ಮುಂದೆ. ಅಲ್ಲಿ ಅಳಗುಳಿಮಣೆಗೆ ಚೆನ್ನೆಮಣೆ ಎನ್ನುತ್ತಾರೆ. ಅದನ್ನು ಆಡುವ ಕಾಲ ಆಟಿ ತಿಂಗಳು, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಬಿಡದೆ ಸುರಿಯುವ ಮಳೆಯಲ್ಲಿ ಹೊರಗೆ ಕೆಲಸವಿರುವುದಿಲ್ಲ, ಬಿಡುವಿದ್ದಾಗ ಆಟ. ಸಿರಿ ಪಾಡ್ದನದಲ್ಲಿ ಅಬ್ಬಗ ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳವಾಗಿ, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಂದು, ತಾನೂ ಪ್ರಾಣ ಬಿಟ್ಟ ಕಥೆಯಿದೆ; ಆದ್ದರಿಂದ ಒಡಹುಟ್ಟಿದವರು ಎದುರುಬದುರು ಕುಳಿತು ಆಡಬಾರದೆಂಬ ನಿಷೇಧವೂ ಇದೆ. ಈಚಿನ ವರ್ಷಗಳಲ್ಲಿ ಮಂಗಳೂರು, ಉಡುಪಿ, ಕಾಸರಗೋಡಿನ ಕಡೆಯ ಸಂಘಸಂಸ್ಥೆಗಳೂ ಕಾಲೇಜುಗಳೂ 'ಆಟಿಡೊಂಜಿ ದಿನ' ಎಂದು ಕೂಟಗಳನ್ನು ನಡೆಸಿ, ಪತ್ರೊಡೆಯ ಜೊತೆಗೆ ಚೆನ್ನೆಮಣೆಯನ್ನೂ ಹೊರಗೆ ತೆಗೆಯುತ್ತಿವೆ. ಮಣೆಯಾಟದ ವಾರ್ಷಿಕ ಮೇಳವೆಂಬುದಕ್ಕೆ ಕನ್ನಡನಾಡಿನಲ್ಲಿ ಅತ್ಯಂತ ಸಮೀಪದ ಉದಾಹರಣೆ ಇದೇ ಎಂದು ನನ್ನ ಅಭಿಪ್ರಾಯ.

ದಿನ ಇದ್ದಿತು, ಬಿಡುವಿದ್ದಿತು, ಜನರೂ ಇದ್ದರು. ಇಲ್ಲದ್ದು ಬರಹ. ಇದಕ್ಕೆ ವಿರುದ್ಧವಾಗಿ ಯಾರಾದರೂ ಎರಡು ದೊಡ್ಡ ಹೆಸರುಗಳನ್ನು ಹೇಳಬಹುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ದಲ್ಲಿ ಪಗಡೆ ಕವಡೆಗಳ ಆಟಗಳನ್ನು ವರ್ಣಿಸಿದ್ದಾನೆ. ಇನ್ನೊಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರು. ೧೮೩೧ರಲ್ಲಿ ಬ್ರಿಟಿಷರು ಅವರ ಕೈಯಿಂದ ರಾಜ್ಯದ ಆಡಳಿತವನ್ನು ಕಿತ್ತುಕೊಂಡರು. ಆಮೇಲಿನ ದೀರ್ಘಕಾಲದ ಬಿಡುವನ್ನು ಅವರು ವ್ಯರ್ಥಮಾಡಲಿಲ್ಲ. 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಎಂಬ ಕೊನೆಯ ಭಾಗ ಆಟಗಳಿಗೇ ಮೀಸಲು. ಚದುರಂಗದ ಕುದುರೆಯೊಂದನ್ನು ಪ್ರತಿಯೊಂದು ಮನೆಯ ಮೇಲೂ ಒಮ್ಮೆ ಮಾತ್ರ ಇಳಿಸಿ ಹಾಸನ್ನೆಲ್ಲ ಸುತ್ತಿಸುವ ಕ್ರಮಗಳನ್ನು ಅವರು ರಚಿಸಿದರು; ಚದುರಂಗದ ಸಮಸ್ಯೆಗಳನ್ನು ರೇಷ್ಮೆಯ ವಸ್ತ್ರದ ಮೇಲೆ ಅಚ್ಚು ಹಾಕಿಸಿದರು; ಗಂಜೀಫದ ಹೊಸ ಹೊಸ ಎಲೆಗಳನ್ನು ಕಲ್ಪಿಸಿದರು. ಮೈಸೂರಿನ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಆ ಆಟಗಳ ಹಾಸುಗಳನ್ನೇ ಚಿತ್ರಿಸಿದೆ. ಅಧಿಕಾರ ಹೋದ ದೊರೆಯೂ ನೌಕರಿ ಹೋದ ವಿಮಾ ಗುಮಾಸ್ತನೂ ಆಟದ ನಿಯಮ ಬರೆಯಲು ಕುಳಿತರೆಂಬುದು ಚರಿತ್ರೆಯ ಒಂದು ವಿನೋದ. ಮುಮ್ಮಡಿಯವರು ತೀರಿಕೊಂಡದ್ದು ೧೮೬೮ರಲ್ಲಿ. ಲೇಕ್ ಜಿನೀವಾದ ಮೊದಲ ಮೇಳ ಸರಿಯಾಗಿ ನೂರು ವರ್ಷದ ಮೇಲೆ.

ಆದರೆ ಅರಮನೆಯ ಬರಹ ಜಗಲಿಗೆ ಇಳಿಯಲಿಲ್ಲ. ಹಳ್ಳಿಯ ಹೆಂಗಸರು ಆಡುತ್ತಿದ್ದ ಆಟ ಅವರ ಬಾಯಲ್ಲಿಯೇ ಉಳಿಯಿತು. ಇದನ್ನು ಸರಿಪಡಿಸುವ ಪ್ರಯತ್ನವನ್ನು ಈ ಶತಮಾನದಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಮಾಡಿದೆ. ಮೃಗಾಲಯದ ಎದುರಿನ ಪ್ರತಿಮಾ ಗ್ಯಾಲರಿಯಲ್ಲಿ 'ಕ್ರೀಡಾ ಕೌಶಲ್ಯ' ಎಂಬ ಹೆಸರಿನ ಪ್ರದರ್ಶನಗಳನ್ನು ಏರ್ಪಡಿಸಿ, ಹಳೆಯ ಆಟಗಳ ಹಾಸುಗಳನ್ನೂ ಕಾಯಿಗಳನ್ನೂ ಕುಶಲಕರ್ಮಿಗಳಿಂದ ಹೊಸದಾಗಿ ಮಾಡಿಸಿ ಜನರ ಮುಂದಿಟ್ಟಿತು. ಚನ್ನಪಟ್ಟಣದ ಅರಗಿನ ಕಾಯಿಗಳು ಆ ಪ್ರದರ್ಶನಗಳ ಒಂದು ಆಕರ್ಷಣೆ. (ನಮ್ಮ ಚನ್ನರಾಯಪಟ್ಟಣವನ್ನು ಹೊರಗಿನವರು ಚನ್ನಪಟ್ಟಣವೆಂದು ತಿಳಿದು, 'ನಿಮ್ಮೂರಿನ ಬೊಂಬೆ ತನ್ನಿ' ಎಂದು ನನ್ನ ಸಹಪಾಠಿಯೊಬ್ಬನನ್ನು ಕೇಳುವುದುಂಟು, ಅವನು ಉತ್ತರ ಹೇಳಿ ಸೋತಿದ್ದಾನೆ.)

ಬರಹವಿಲ್ಲದಿದ್ದರೆ ಏನು ನಷ್ಟವೆಂಬುದನ್ನು ಪರೀಕ್ಷಿಸಲು ನಾನು ದೂರ ಹೋಗಬೇಕಾಗಲಿಲ್ಲ. ನಾಲ್ಕು ಕಡೆಯ ನಾಲ್ಕು ಮನೆಗಳ ಚೌಕಾಬಾರವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹಾಸು ಐದೈದರ ಇಪ್ಪತ್ತೈದು ಮನೆ, ನಾಲ್ಕು ಕವಡೆ, ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ ಅಥವಾ ಎಂಟು, ನಡುವಿನ ಮನೆ ಸೇರಿದ ಕಾಯಿ ಹಣ್ಣು. ಇಷ್ಟು ಎಲ್ಲರಿಗೂ ಸಮಾನ. ಅರಕಲಗೂಡು ತಾಲ್ಲೂಕಿನ ನಮ್ಮ ಮನೆಯಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಹೊಳೆನರಸೀಪುರದ ಸೋದರತ್ತೆಯ ಮನೆಯಲ್ಲಿ ಆ ಕಟ್ಟಿಲ್ಲ. ಬದಲಿಗೆ ಒಂದೇ ಮನೆಯಲ್ಲಿ ಕೂತ ಎರಡು ಕಾಯಿ ಗಟ್ಟಿಯಾಗುತ್ತದೆ, ಒಂಟಿ ಕಾಯಿ ಅದನ್ನು ಹೊಡೆಯಲಾರದು. ಚನ್ನರಾಯಪಟ್ಟಣದ ಸಹಪಾಠಿಯ ಮನೆಯಲ್ಲಿ ಗರ ಮೂರು ಸಲ ಒಂದೇ ಸಮನೆ ಬಿದ್ದರೆ ಮೂರೂ ಸುಟ್ಟುಹೋಗುತ್ತದೆ. ಹಾಸನದ ನಮ್ಮ ಹಾಸ್ಟೆಲಿನವರಿಗೆ ಇದಾವುದೂ ಬೇಡ. ಅವರು ಮೊಬೈಲಿನಲ್ಲಿ ಲೂಡೋ ಆಡುತ್ತಾರೆ. ಇವು ಆಯಾ ಮನೆಯ ಪದ್ಧತಿಗಳೇ ಹೊರತು ಆಯಾ ಊರಿನ ಕಾನೂನುಗಳೆಂದು ನಾನು ಹೇಳುತ್ತಿಲ್ಲ. ಪಕ್ಕದ ಬೀದಿಯಲ್ಲಿ ಇನ್ನೊಂದೇ ಕ್ರಮವಿದ್ದೀತು.

ಲೂಡೋ ನಮ್ಮ ಪಗಡೆಯ ಮೊಮ್ಮಗು. ಪಚ್ಚೀಸಿಯನ್ನು ಇಲ್ಲಿ ಕಲಿತು ಹೋದ ಇಂಗ್ಲಿಷರು ಅದನ್ನು ಸರಳಗೊಳಿಸಿದರು. ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟ್ ಆಯಿತು. ರಟ್ಟಿನ ಹಾಸಿನೊಂದಿಗೆ ಒಂದು ಪುಟದ ನಿಯಮ ಅಚ್ಚಾಗಿ ಬಂದದ್ದರಿಂದ ಹಾಸನದವನೂ ಲಂಡನ್ನಿನವನೂ ಜಗಳವಿಲ್ಲದೆ ಆಡಬಹುದಾಯಿತು. ಪಗಡೆಯ ಹಾಸು ಬೀರುವಿನಲ್ಲಿ ಮಡಿಸಿ ಕುಳಿತಿತು.

ಕಳೆದ ಶಿವರಾತ್ರಿಯಂದು ನಾವು ನಾಲ್ಕು ತಾಲ್ಲೂಕಿನ ನಾಲ್ವರು ಒಂದೇ ಹಾಸಿನ ಮುಂದೆ ಕುಳಿತೆವು. ಮೊದಲ ಗರ ಬೀಳುವುದಕ್ಕೆ ಮುಂಚೆ ಅರ್ಧ ಗಂಟೆ ವಾದ ನಡೆಯಿತು. ಕಡೆಗೆ ಒಂದು ಹಾಳೆಯ ಮೇಲೆ ಹನ್ನೊಂದು ನಿಯಮಗಳನ್ನು ಬರೆದು ನಾಲ್ವರೂ ರುಜು ಹಾಕಿದೆವು. ನಮ್ಮದೂ ಒಂದು ಜಿನೀವಾ ಒಪ್ಪಂದವೇ ಆಯಿತೆನ್ನಿ. ಹೊಡೆಯದೆ ಒಳಗೆ ಹೋಗಬಾರದೆಂಬ ನಮ್ಮ ಕಡೆಯ ಕಟ್ಟು ಉಳಿಯಿತು, ಸೋದರತ್ತೆಯ ಗಟ್ಟಿಯೂ ಉಳಿಯಿತು. ಮೂರು ಗರ ಸುಡುವ ವಿಷಯದಲ್ಲಿ ಮಾತ್ರ ಚನ್ನರಾಯಪಟ್ಟಣದವನು ಕೊನೆಯವರೆಗೂ ಪಟ್ಟು ಸಡಿಲಿಸಲಿಲ್ಲ, ಅದನ್ನೂ ಸೇರಿಸಿಕೊಂಡೆವು. ಬೆಳಗಿನ ನಾಲ್ಕು ಗಂಟೆಯ ಹೊತ್ತಿಗೆ ಲೂಡೋದವರಲ್ಲಿ ಇಬ್ಬರು ಮೊಬೈಲು ಬಿಟ್ಟು ನಮ್ಮ ಹಾಸಿನ ಪಕ್ಕಕ್ಕೆ ಬಂದು ಕುಳಿತಿದ್ದರು.

ಬರೆದಿಡುವ ಈ ಹವ್ಯಾಸವನ್ನು ನಮ್ಮ ಅಜ್ಜಿ ಮೆಚ್ಚಿಲ್ಲ. ಅವರು ಅಕ್ಷರ ಬಲ್ಲವರಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. "ಬರ್ಕಂಡು ಏನ್ ಮಾಡ್ತೀಯ ಮಗಾ? ಆಡಿದ್ರೆ ತಾನೆ ಕೈಗೆ ಬರೋದು" ಎಂದರು. ಆ ಮಾತಿನಲ್ಲಿ ಸತ್ಯವಿದೆ. ಅವರ ಅಳಗುಳಿಮಣೆಯಲ್ಲಿ ಕಡೆಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ಐದು ಹುಣಸೆಬೀಜ, ಒಟ್ಟು ಎಪ್ಪತ್ತು. ಒಂದೊಂದೇ ಬೀಜವನ್ನು ಬಿಡುತ್ತ ಹೋಗಬೇಕು. ಕೈ ಬರಿದಾದಲ್ಲಿ ಮುಂದಿನ ಗುಳಿಯನ್ನು ಎತ್ತಿ ಮತ್ತೆ ಬಿಡಬೇಕು. ಮುಂದಿನದು ಖಾಲಿಯಾಗಿದ್ದರೆ ಅದನ್ನು ಸವರಿ ಅದರಾಚೆಯ ಗುಳಿಯದ್ದನ್ನು ಗೆದ್ದುಕೊಳ್ಳಬೇಕು. ಇಷ್ಟನ್ನು ನಾನು ಐದು ಸಾಲಿನಲ್ಲಿ ಬರೆದುಬಿಟ್ಟೆ. ಆದರೆ ಯಾವ ಗುಳಿಯಿಂದ ಎತ್ತಿದರೆ ಎಲ್ಲಿಗೆ ಬಂದು ನಿಲ್ಲುತ್ತದೆಂದು ಬೀಜ ಎಣಿಸದೆಯೇ ಕಾಣುವ ಅವರ ಕಣ್ಣನ್ನು ಯಾವ ಸಾಲಿನಲ್ಲಿ ಬರೆಯಲಿ? ಎಣಿಸುವುದರೊಳಗೆ ನಾನು ಸೋತಿರುತ್ತೇನೆ.

ಹಾಗಾದರೂ ನಾನು ಬರಹದ ಪಕ್ಷವನ್ನು ಬಿಡದಿರುವುದಕ್ಕೆ ಒಂದು ಕಾರಣವಿದೆ. ಅಳಗುಳಿಯಲ್ಲಿ ಒಬ್ಬರೇ ಕುಳಿತು ಆಡುವ ಆಟವೊಂದುಂಟು. ಅಶೋಕವನದಲ್ಲಿ ಸೀತೆ ಹೊತ್ತು ಕಳೆಯಲು ಆಡಿದಳೆಂದು ಅದಕ್ಕೆ ಸೀತೆಯ ಆಟವೆಂದು ಹೆಸರು. ಅಜ್ಜಿ ಅದನ್ನು ತಮ್ಮ ತಾಯಿ ಆಡುತ್ತಿದ್ದುದನ್ನು ನೋಡಿದ್ದಾರೆ. ಗುಳಿಗಳಲ್ಲಿ ಬೀಜ ಸಮನಾಗಿ ಇರುವುದಿಲ್ಲ, ಒಂದರಲ್ಲಿ ಹೆಚ್ಚು ಇನ್ನೊಂದರಲ್ಲಿ ಕಡಿಮೆ ಹಾಕಿ ಆರಂಭಿಸುತ್ತಾರೆ, ಆಡುತ್ತ ಆಡುತ್ತ ಸಾಲು ತನ್ನ ಮೊದಲಿನ ರೂಪಕ್ಕೇ ಬಂದು ನಿಲ್ಲುತ್ತದೆ ಎಂಬಷ್ಟು ಅವರಿಗೆ ನೆನಪಿದೆ. ಯಾವ ಗುಳಿಗೆ ಎಷ್ಟು ಎಂಬುದು ಮರೆತಿದೆ. ಮೂರು ಸಂಜೆ ಇಬ್ಬರೂ ಕುಳಿತು ಬೇರೆ ಬೇರೆ ರೀತಿಯಲ್ಲಿ ಹಾಕಿ ನೋಡಿದೆವು. "ಇದಲ್ಲ, ಇದಲ್ಲ" ಎಂದು ಅವರು ಬೀಜಗಳನ್ನು ಬಾಚಿ ಎತ್ತಿದರು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಸೀತೆಯ ಆಟವನ್ನು ಬಲ್ಲ ಹಿರಿಯರು ಯಾರ ಮನೆಯಲ್ಲಾದರೂ ಇದ್ದರೆ, ಏಳು ಗುಳಿಗಳಿಗೆ ಬೀಜದ ಲೆಕ್ಕವೆಷ್ಟು, ಮೊದಲು ಎತ್ತುವ ಗುಳಿ ಯಾವುದು ಎಂಬ ಎರಡು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದು ನಮ್ಮ ಇತಿಹಾಸ ವಿಭಾಗದಲ್ಲಿ ಕೊಡಬೇಕಾಗಿ ವಾಚಕ ಮಿತ್ರರನ್ನು ಕೇಳಿಕೊಳ್ಳುತ್ತೇನೆ. ನೋಟ್‌ಬುಕ್ಕಿನಲ್ಲಿ ಅದಕ್ಕೆ ಒಂದು ಪುಟವನ್ನು ಬಿಟ್ಟಿದ್ದೇನೆ.